ಸೋಮವಾರದ ಎತ್ತುಗಳು

ಠಾಣೆಯ ರೈಟರ್ ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚು. ಸಾಹೇಬರು ಕುರ್ಚಿಗೆ ಒರಗಿ ಹೇಳುತ್ತಾರೆ, ರೈಟರ್ ಟೈಪ್ ಮಾಡುತ್ತಾನೆ. ಹೇಳಿದ ತಾರೀಕು ತಪ್ಪಿದ್ದರೆ, ಪೂರ್ವಕ್ಕಿರುವ ರಸ್ತೆಯನ್ನು ಪಶ್ಚಿಮಕ್ಕೆ ಹಾಕಿದ್ದರೆ, ಒಬ್ಬನೇ ಆರೋಪಿ ಒಂದೇ ಗಂಟೆಯಲ್ಲಿ ಎರಡು ಊರಲ್ಲಿ ಸಿಕ್ಕಿದ್ದರೆ, ಯಾರನ್ನೂ ಕೇಳದೆ ಸರಿ ಮಾಡುತ್ತಾನೆ. ಇಪ್ಪತ್ತೆಂಟು ವರ್ಷ ನಾನು ಆ ಕೆಲಸ ಮಾಡಿದೆ. ನನ್ನ ಮಹಜರುಗಳಲ್ಲಿ ವಕೀಲರಿಗೆ ಒಂದು ತೂತೂ ಸಿಗುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಪೊಲೀಸರು ಏನನ್ನಾದರೂ ಜಪ್ತಿ ಮಾಡುವಾಗ ಇಬ್ಬರು ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆಯುವ ಕಾಗದಕ್ಕೆ ಮಹಜರು ಎನ್ನುತ್ತಾರೆ. ಆ ಇಬ್ಬರು ಪಂಚರು. ಸ್ಥಳದಲ್ಲೇ ಬರೆಯಬೇಕು ಎಂದು ನನಗೆ ತರಬೇತಿ ಶಾಲೆಯಲ್ಲಿ ಬಡಿದು ಕಲಿಸಿದ್ದರು. ನಮ್ಮ ಠಾಣೆಯಲ್ಲಿ ಸ್ಥಳ ಎಂದರೆ ನನ್ನ ಮೇಜು. ಪಂಚರು ಎಂದರೆ ಎದುರಿನ ಚಹಾ ಅಂಗಡಿಯವನು ಮತ್ತು ಅವನ ಪಕ್ಕದ ಜೆರಾಕ್ಸಿನವನು. ಗಾಂಜಾ ಸಿಗಲಿ, ಕಳವಿನ ಬೈಕು ಸಿಗಲಿ, ದೇವರ ಹುಂಡಿ ಸಿಗಲಿ, ಅವರಿಬ್ಬರೇ ಅಕಸ್ಮಾತ್ತಾಗಿ ಆ ದಾರಿಯಲ್ಲಿ ಬರುತ್ತಿದ್ದರು. ಸಹಿ ಹಾಕುವಾಗ ಚಹಾದವನ ಹೆಬ್ಬೆರಳಿನಲ್ಲಿ ಸದಾ ಚಹಾಪುಡಿ ಇರುತ್ತಿತ್ತು. ಅದರ ಕಲೆ ಬೀಳದಂತೆ ನಾನು ಒಂದು ಬಟ್ಟೆ ಇಟ್ಟಿದ್ದೆ. ನನ್ನ ಶಿಸ್ತು ಅಲ್ಲಿಗೆ ಬಂದು ನಿಂತಿತ್ತು.

ಠಾಣೆಯ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ನನ್ನ ನಿವೃತ್ತಿಗೆ ಒಂದು ವರ್ಷ ಇದ್ದಾಗ ಅಲ್ಲಿಗೆ ಅಪರಾಧ ವಿಭಾಗಕ್ಕೆ ಒಬ್ಬ ಸಬ್‌ಇನ್‌ಸ್ಪೆಕ್ಟರ್ ಬಂದರು. ಹೆಂಗಸು, ಮೂವತ್ತೆರಡು ವಯಸ್ಸು, ಚಿಗಟೇರಿ ಕಡೆಯವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬಂದ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಠಾಣೆಯಲ್ಲಿದ್ದರು. ಆ ಹೊತ್ತಿಗೆ ನನ್ನ ಹೊರತು ಬೇರೆ ಯಾರೂ ಬಂದದ್ದನ್ನು ನಾನು ಕಂಡಿರಲಿಲ್ಲ.

ಆಗ ಹೊಲಗಳಲ್ಲಿ ಪಂಪ್‌ಸೆಟ್ ಕಳವು ಜೋರಾಗಿತ್ತು. ಕೊಳವೆಬಾವಿಯ ಕೇಬಲ್ಲು, ಮೋಟಾರು, ಸ್ಟಾರ್ಟರ್, ಏನೂ ಬಿಡುತ್ತಿರಲಿಲ್ಲ. ಒಳಗಿನ ತಾಮ್ರಕ್ಕಾಗಿ. ಬಂದ ರೈತರಿಂದ ಒಂದು ಅರ್ಜಿ ಬರೆಸಿಕೊಂಡು ಕಳಿಸುವುದು ನಮ್ಮ ಪದ್ಧತಿ. ದೂರು ದಾಖಲಾದರೆ ತನಿಖೆ ಮಾಡಬೇಕಲ್ಲ! ಮೇಡಂ ಆ ಅರ್ಜಿಗಳ ಕಟ್ಟನ್ನು ಬೀರುವಿನಿಂದ ತೆಗೆಸಿದರು. ಒಂದೊಂದೇ ಹೊಲಕ್ಕೆ ಬೈಕಿನಲ್ಲಿ ಹೋದರು. ಕೋಗಳಿ ಕಡೆ ಕತ್ತರಿಸಿದ ಕೇಬಲ್ಲಿನ ತುದಿಯನ್ನೂ ಹಡಗಲಿ ಕಡೆ ಸಿಕ್ಕ ತುದಿಯನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ನೋಡ್ರಿ ರೈಟರ್ರೇ, ಒಂದೇ ಕಟರ್. ಒಂದೇ ಕೈ. ಐದು ತಾಲೂಕಿನಾಗೆ ಇವ್ರು ತಿರುಗ್ತಾರಂದ್ರೆ ಮಾಲು ಎಲ್ಲೋ ಒಂದು ಕಡೆ ಕರಗ್ತೈತಿ."

ಎಲ್ಲಿ ಕರಗುತ್ತದೆ ಎಂದು ಠಾಣೆಯ ಗೋಡೆಗಳಿಗೂ ಗೊತ್ತಿತ್ತು. ಊರ ಹೊರಗಿನ ದೊಡ್ಡ ಗುಜರಿಯಲ್ಲಿ. ಅದರ ಮಾಲೀಕ ಠಾಣೆಗೆ ಬಂದರೆ ನಮ್ಮ ಇನ್‌ಸ್ಪೆಕ್ಟರ್ ಎದ್ದು ನಿಲ್ಲುತ್ತಿದ್ದರು. ಅವನ ಕಾರು ದಿನಾ ಬೆಳಿಗ್ಗೆ ಇನ್‌ಸ್ಪೆಕ್ಟರರ ಮಕ್ಕಳನ್ನು ಶಾಲೆಗೆ ಬಿಡುತ್ತಿತ್ತು. ಆ ಕಾರು ಠಾಣೆಯ ಮುಂದೆ ಹಾದುಹೋಗುವುದನ್ನು ನೋಡಿ ನಾನು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆ. ಎಂಟೂ ನಲವತ್ತು.

ಬಾಯಿ ಬಿಟ್ಟವನು ಒಬ್ಬನೇ. ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡುವ ಮೆಕ್ಯಾನಿಕ್. ಐಟಿಐ ಓದಿದವನು. ಅಂಗಡಿಯಲ್ಲಿ ಒಂದು ಬುದ್ಧನ ಪಟ, ಒಂದು ದೊಡ್ಡ ಕ್ಯಾಲೆಂಡರು. ಅವನದೊಂದು ರೂಢಿ ಇತ್ತು. ಮೋಟಾರು ಕಟ್ಟಿ ಮುಗಿಸಿದ ಮೇಲೆ ಕಬ್ಬಿಣದ ಮುಚ್ಚಳದ ಒಳಮೈಗೆ ಕೆಂಪು ಬಣ್ಣದಲ್ಲಿ ತಾರೀಕು ಬರೆಯುತ್ತಿದ್ದ. ಯಾರಾದರೂ "ಮೊನ್ನೆರ ಕಟ್ಟಿಸೀನಿ, ಆಗ್ಲೇ ಸುಟ್ಟೈತಿ" ಎಂದು ಜಗಳಕ್ಕೆ ಬಂದರೆ ಬಿಚ್ಚಿ ತೋರಿಸುವುದಕ್ಕೆ. ಹಳೆಯ ಬೋಲ್ಟು ಹುಡುಕಲು ಆ ಗುಜರಿಗೆ ಹೋದಾಗ ಅಲ್ಲಿ ತನ್ನದೇ ಕೆಂಪು ತಾರೀಕಿನ ಮುಚ್ಚಳಗಳನ್ನು ಕಂಡ. ಕಳವಾಗಿವೆ ಎಂದು ರೈತರು ಅಳುತ್ತಿದ್ದ ಮೋಟಾರುಗಳವು. ಶುಕ್ರವಾರ ಠಾಣೆಗೆ ಬಂದು ಮೇಡಂ ಮುಂದೆ ಹೇಳಿಕೆ ಕೊಟ್ಟ. ನಾನೇ ಬರೆದೆ. ಒಂದು ಅಕ್ಷರವೂ ತಿದ್ದಬೇಕಾಗಲಿಲ್ಲ.

ಆ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಅದೇ ಸಂಜೆ ಓದಿದರು. ಶನಿವಾರ ಮೇಡಂ ಅವರನ್ನು ಹೊಸಪೇಟೆಗೆ ಮೂರು ದಿನದ ಬಂದೋಬಸ್ತಿಗೆ ಕಳಿಸಿದರು. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್‌ನನ್ನು ಅವನ ಮನೆಯಿಂದ ಎಳೆದು ತಂದರು. ಹಲ್ಲುಜ್ಜುತ್ತಿದ್ದನಂತೆ, ಬಾಯಲ್ಲಿ ಇನ್ನೂ ನೊರೆ ಇತ್ತು.

ಅವನನ್ನು ಭಾನುವಾರ ಹಿಡಿದದ್ದೆಂದು ತೋರಿಸುವಂತಿರಲಿಲ್ಲ. ಹಿಡಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಮಾಲು ಹೊಂದಿಸಲು ಒಂದು ದಿನ ಬೇಕಿತ್ತು. ಆದ್ದರಿಂದ ಬಂಧನ, ಜಪ್ತಿ ಎಲ್ಲವೂ ಸೋಮವಾರ ಬೆಳಿಗ್ಗೆ. ಕದ್ದ ಮೋಟಾರುಗಳನ್ನು ಅವನು ಕೋಗಳಿ ರಸ್ತೆಯ ಪಕ್ಕದ ಹೊಲವೊಂದರಲ್ಲಿ ಹೂತಿಟ್ಟಿದ್ದ, ತಾನೇ ತೋರಿಸಿದ ಎಂದು ಕಥೆ. ಮೋಟಾರುಗಳನ್ನು ಗುಜರಿಯಿಂದಲೇ ತರಿಸಿದ್ದರು.

ಇನ್‌ಸ್ಪೆಕ್ಟರ್ ಮೈಸೂರು ಸೀಮೆಯವರು. ಕಥೆ ಹೇಳುವ ಚಟ ಇತ್ತು. ಸೋಮವಾರ ಬೆಳಿಗ್ಗೆ ಪೆನ್ನು ಆಡಿಸುತ್ತಾ ಹೇಳಿದರು:

"ಸ್ವಲ್ಪ ನೈಜವಾಗಿರ್ಲಿ ಕಣ್ರೀ. ಪಂಚರೇನು ಆಕಾಶದಿಂದ ಉದುರ್ತಾರಾ? ಹೀಗೆ ಹಾಕಿ. ಪಕ್ಕದ ಜಮೀನಿನಲ್ಲಿ ಎತ್ತು ಹೂಡಿ ಕುಂಟೆ ಹೊಡೆಯುತ್ತಿದ್ದ ಇಬ್ಬರನ್ನು ಕೂಗಿ ಕರೆದು, ವಿಷಯ ತಿಳಿಸಿ, ಪಂಚರಾಗಿ ಸಹಕರಿಸಲು ಕೋರಲಾಗಿ..."

ನನ್ನ ಬೆರಳು ನಿಂತಿತು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಬಿತ್ತನೆ ತಪ್ಪಿದರೂ ಸರಿ, ಮಳೆ ಹೋದರೂ ಸರಿ, ಇಡುವುದಿಲ್ಲ. ಮೂರು ವರ್ಷದ ಕೂಸಿಗೂ ಇದು ಗೊತ್ತು. ಚಹಾ ಅಂಗಡಿಯವನಿಗೆ ಊರ ಹೊರಗೆ ಸ್ವಲ್ಪ ಹೊಲ, ಒಂದು ಜೊತೆ ಎತ್ತು ನಿಜಕ್ಕೂ ಇದ್ದವು. ಸೋಮವಾರ ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು ಕೈಮುಗಿದ ಮೇಲೆಯೇ ಅವನು ಅಂಗಡಿ ತೆರೆಯುತ್ತಿದ್ದ.

"ಯಾಕ್ರೀ ನಿಲ್ಲಿಸಿದ್ರಿ? ಸರಿ ಇದೆ ತಾನೇ?"

"ಸರಿ ಐತ್ರಿ ಸರ್," ಎಂದೆ.

ತಿದ್ದಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ತಪ್ಪು ಕಂಡೂ ಹಾಗೇ ಬಿಟ್ಟೆ. ಚಹಾದವನು ಗ್ಲಾಸು ತೊಳೆಯುತ್ತಿದ್ದವನು ಬಂದು, ಓದದೆ ಸಹಿ ಹಾಕಿ, "ಈ ಸಲ ಏನ್ ಸಿಕ್ತ್ರಿ, ಬಂಗಾರೇನ್ರಿ?" ಎಂದು ನಗುತ್ತಾ ಹೋದ. ಸಂಜೆ ಮೆಕ್ಯಾನಿಕ್ ಜೈಲಿಗೆ ಹೋದ. ಜೀಪು ಹತ್ತುವಾಗ ಅವನು ನನ್ನತ್ತ ನೋಡಿದ. ನಾನು ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿದೆ.

ಮಂಗಳವಾರ ಮೇಡಂ ಬಂದರು. ಧೂಳು ಸಹ ಕೊಡವಿಕೊಳ್ಳದೆ ಫೈಲು ತೆರೆದು, ನಿಂತೇ ಓದಿದರು. ಒಂದು ಕಡೆ ಬೆರಳಿಟ್ಟರು.

"ರೈಟರ್ರೇ, ಈ ಎತ್ತು ಯಾರವು?"

"ಸಾಹೇಬರವು ಮೇಡಂ."

"ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು. ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ಬಿಟ್ಟೆ."

ಹೊಗಳುತ್ತಾರೆ ಎಂದು ಕಾದೆ, ನಿಜ ಹೇಳುತ್ತೇನೆ. ಮೇಡಂ ನಗಲಿಲ್ಲ. "ಹಂಗಾದ್ರೆ ನಿಮ್ಮ ಬಾಯಿಂದಾನೂ ಬರ್ಲಿ. ಬರ್ರಿ ನನ್ ಜೊತೆ," ಎಂದು ಹೊರಟರು. ರಸ್ತೆ ದಾಟಿ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ಅಲ್ಲಿ ಏಳೆಂಟು ಗಿರಾಕಿಗಳಿದ್ದರು.

"ಅಣ್ಣಾ, ಸೋಮವಾರ ಎತ್ತು ಹೂಡಿದ್ರಂತೆ?"

"ಯಾರ್ರೀ? ನಾನ? ಹಂಗಂದ ಬಾಯಿಗೆ ಹುಳ ಬೀಳ್ಲಿ!"

"ನಿಮ್ಮ ಸಹೀನೇ ಹೇಳ್ತೈತಲ್ಲ," ಎಂದು ಮೇಡಂ ಮಹಜರಿನ ಪ್ರತಿ ತೆಗೆದು ಗಟ್ಟಿಯಾಗಿ ಓದಿದರು. ವಾರ, ಗಂಟೆ, ಕುಂಟೆ, ಎತ್ತು, ಅವನ ಹೆಸರು, ಅವನ ಅಪ್ಪನ ಹೆಸರು.

ಬೆಂಚಿನ ಮೇಲಿದ್ದ ಮುದುಕನೊಬ್ಬ ಚಹಾ ಕೆಳಗಿಟ್ಟ. "ಲೇ, ಬಸವಣ್ಣನ ದಿನಾನೂ ಬಿಡ್ಲಿಲ್ಲೇನಲೇ ನೀನು? ಭಾರಿ ದುಡಿಮಿ ಮನುಷ್ಯಾ ಆದ್ಯಲ್ಲಲೇ!"

"ನಿನ್ ಎತ್ತು ಯೂನಿಫಾರ್ಮ್ ಹಾಕ್ಕೊಂಡಿದ್ವೇನಲೇ?" ಎಂದ ಇನ್ನೊಬ್ಬ.

ಚಹಾದವನ ಮುಖ ಬಿಳಿಚಿಕೊಂಡಿತು. "ಇದನ್ನ ಕೋರ್ಟಿನಾಗೂ ಓದ್ತಾರೇನ್ರಿ?"

"ಇದಕ್ಕಿಂತ ಗಟ್ಟಿಯಾಗಿ."

"ಮೇಡಮ್ಮಾರ, ಅದನ್ನ ಮಂಗಳಾರ ಮಾಡಸ್ರಿ. ಕೈ ಮುಗೀತೀನಿ."

"ಮಂಗಳವಾರ ಅಂದ್ರೆ ಇವತ್ತು. ಅವನು ನಿನ್ನೇನೇ ಜೈಲಿಗೆ ಹೋದ."

"ಹಂಗಾರ ಎತ್ತರ ತಗಸ್ರಿ!"

"ಎತ್ತು ತೆಗೆದ್ರೆ ನೀವು ಹೊಲದಾಗೆ ಏನ್ ಮಾಡ್ತಿದ್ರಿ?"

"ನಾ ಹೊಲಕ್ಕ ಹೋಗೇ ಇಲ್ಲಲ್ರಿ! ಇಲ್ಲೇ ಇದ್ದೆ, ಗ್ಲಾಸು ತೊಳಿಯಾಕ ಹತ್ತಿದ್ದೆ! ರೈಟರ್ರು ಕರದ್ರು, ಹೋಗಿ ಸಹಿ ಹಾಕಿ ಬಂದೆ!"

ಅವನಿಗೆ ತಾನು ಏನು ಹೇಳಿದೆ ಎಂದು ಆಗ ಹೊಳೆಯಿತು. ಮೇಡಂ ಎದ್ದು ನಿಂತರು. "ಇದಿಷ್ಟೇ ನ್ಯಾಯಾಧೀಶರ ಮುಂದೆ ಹೇಳ್ರಿ ಅಣ್ಣಾ. ಎತ್ತು ತಾನಾಗೇ ಹೋಗ್ತಾವೆ."

ಅವನು ಹೇಳಿದ. ಇನ್‌ಸ್ಪೆಕ್ಟರ್ ಹೆದರಿಸಿದರೂ, ಅಂಗಡಿ ಎತ್ತಿಸುತ್ತೇನೆ ಎಂದರೂ ಹೋಗಿ ಹೇಳಿದ. ಇವತ್ತಿಗೂ ನನಗೆ ಸಿಟ್ಟು ಇಳಿಯದಿರುವುದು ಇಲ್ಲೇ. ವರ್ಷಗಟ್ಟಲೆ ಅವನ ಸುಳ್ಳು ಸಹಿಯಿಂದ ಎಷ್ಟೋ ಜನ ಜೈಲು ಕಂಡಿದ್ದಾರೆ. ಅದು ಅವನ ನಿದ್ದೆ ಕೆಡಿಸಿರಲಿಲ್ಲ. ಹೂಡದ ಎತ್ತು ಕೆಡಿಸಿತು. ಆದರೆ ಅವನನ್ನು ಬೈಯಲು ನನಗೆ ಯಾವ ಬಾಯಿ ಇದೆ? ಅವನು ಓದದೆ ಸಹಿ ಹಾಕಿದ. ನಾನು ಓದಿದ್ದೆ, ಕಾಗುಣಿತ ಸಮೇತ.

ನಾನೂ ಮೇಲಧಿಕಾರಿಯ ಮುಂದೆ ಹೇಳಿಕೆ ಕೊಟ್ಟೆ. ಮಹಜರು ಬರೆದದ್ದು ಠಾಣೆಯಲ್ಲಿ, ನನ್ನ ಮೇಜಿನ ಮೇಲೆ, ಇನ್‌ಸ್ಪೆಕ್ಟರ್ ಹೇಳಿದಂತೆ. ಅಷ್ಟೇ ಮೂರು ಸಾಲು. ಅದನ್ನು ಕೊಡಲು ನನಗೆ ಹದಿನೇಳು ದಿನ ಹಿಡಿಯಿತು. ನಿವೃತ್ತಿ ಹತ್ತಿರ ಇದೆ, ಮನೆಯವರಿಗೆ ಹುಷಾರಿಲ್ಲ, ಅದು ಇದು ಎಂದು ದಿನ ತಳ್ಳಿದೆ. ಹದಿನೇಳು ದಿನವೂ ಎಂಟಕ್ಕೆ ಸರಿಯಾಗಿ ಠಾಣೆಗೆ ಹೋದೆ, ಶಿಸ್ತಿನಲ್ಲಿ ಏನೂ ಕೊರತೆ ಇರಲಿಲ್ಲ. ಅಷ್ಟು ದಿನ ಮೆಕ್ಯಾನಿಕ್ ಒಳಗಿದ್ದ. ಮೇಡಂ ಒಂದು ಸಲವೂ ಒತ್ತಾಯಿಸಲಿಲ್ಲ. ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, "ಇವತ್ತಿಗೆ ಎಷ್ಟು ದಿನ ಆಯ್ತು ರೈಟರ್ರೇ?" ಎಂದು ಕೇಳಿ ಹೋಗುತ್ತಿದ್ದರು.

ಈ ನಡುವೆ ಅವರು ಕೋರ್ಟಿನಿಂದ ವಾರಂಟು ತಂದು ಗುಜರಿ ಶೋಧಿಸಿದರು. ತಾಮ್ರ ಒಂದು ಎಳೆಯೂ ಉಳಿದಿರಲಿಲ್ಲ, ಎಲ್ಲ ಸಾಗಿಸಿದ್ದರು. ಆದರೆ ಕಬ್ಬಿಣದ ಮುಚ್ಚಳಗಳನ್ನು ಯಾರು ಕೇಳುತ್ತಾರೆ? ಹಿಂದಿನ ಜಾಲಿಗಿಡಗಳ ಬುಡದಲ್ಲಿ ರಾಶಿ ಬಿದ್ದಿದ್ದವು, ಒಳಮೈಯಲ್ಲಿ ಕೆಂಪು ತಾರೀಕು ಹೊತ್ತು. ಮೇಡಂ ಅಲ್ಲೇ ಕೂತು ಮಹಜರು ಬರೆಸಿದರು. ಪಂಚರಾಗಿ ಕೃಷಿ ಇಲಾಖೆಯ ಇಬ್ಬರು ನೌಕರರನ್ನು ಕರೆದುಕೊಂಡು ಹೋಗಿದ್ದರು. ಬಿಸಿಲಿನಲ್ಲಿ, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ನಾನು ಬರೆದೆ. ಸ್ಥಳದಲ್ಲೇ ಬರೆದ ಮಹಜರು ಎಂದರೆ ಹೇಗಿರುತ್ತದೆ ಎಂದು ನನ್ನ ಕೈಗೆ ಆ ದಿನ ನೆನಪಾಯಿತು.

ಎರಡು ತಿಂಗಳ ಮೇಲೆ ಮೆಕ್ಯಾನಿಕ್ ಹೊರಗೆ ಬಂದ. ಅವನ ಮೇಲಿನ ಕೇಸು ಬಿದ್ದುಹೋಯಿತು. ಗುಜರಿಯವನು ಒಳಗೆ ಹೋಗಿ, ವಾರದೊಳಗೆ ಜಾಮೀನು ಪಡೆದು ಬಂದ. ಇನ್‌ಸ್ಪೆಕ್ಟರ್ ಅಮಾನತಾದರು, ಆಮೇಲೆ ಇನ್ನೊಂದು ಊರಿಗೆ ಹೋದರು, ಅದೇ ಹುದ್ದೆಗೆ. ಮೇಡಂ ಅವರನ್ನು ಹಳೇ ಫೈಲುಗಳ ಕೋಣೆಯೊಂದಕ್ಕೆ ವರ್ಗ ಮಾಡಿದರು, ಅಪರಾಧ ತನಿಖೆ ಮಾಡುವಂತಿಲ್ಲದ ಕಡೆಗೆ. ಹೊರಡುವ ದಿನವೂ ಎಂಟಕ್ಕೆ ಐದು ನಿಮಿಷ ಮೊದಲೇ ಬಂದಿದ್ದರು. ಈಗ ಜಪ್ತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು ಎಂಬ ಕಾನೂನು ಬಂದಿದೆ. ಒಳ್ಳೆಯದೇ. ಆದರೆ ಮೊಬೈಲು ಹಿಡಿಯುವ ಕೈಯೂ ಠಾಣೆಯದೇ, ಅದನ್ನು ಯಾರೂ ಮರೆಯಬಾರದು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ನೀರಿನ ಮೋಟಾರು ಸುಟ್ಟಿತು. ಬೇರೆ ಅಂಗಡಿಗಳಿದ್ದವು. ಆದರೂ ಬಸ್‌ಸ್ಟ್ಯಾಂಡಿನ ಹಿಂದೆ ಹೋದೆ. ಮೆಕ್ಯಾನಿಕ್ ಬರ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲೂ ಇಲ್ಲ. ಗುರುವಾರ ಬರಲು ಹೇಳಿದ. ಗುರುವಾರ ಹನ್ನೊಂದಕ್ಕೆ ಹೋದೆ. ಕಟ್ಟಿ ಮುಗಿಸಿ, ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ರೈಟರ್ರ, ಒಂದು ಕೇಳ್ಲ್ಯಾ? ಅದನ್ನ ಬರಿಯೋ ಮುಂದ ನಿಮಗ ಸೋಮಾರ ಅಂತ ಗೊತ್ತಿತ್ತಂತ. ಮೇಡಮ್ಮಾರು ಹೇಳಿದ್ರು."

"ಗೊತ್ತಿತ್ತು."

"ನಾ ಕದ್ದಿಲ್ಲಂತನೂ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಎತ್ತು ಒಂದ ಯಾಕ ಬಿಟ್ರಿ? ನಾ ಬರಿಯಂಗಿಲ್ಲ ಅಂತ ಪೂರಾ ಕಾಗದಾನ ಬಿಟ್ಟಿದ್ರ ಏನಾಗ್ತಿತ್ತು?"

ಅವನು ಉತ್ತರಕ್ಕೆ ಕಾಯಲಿಲ್ಲ. ಕೆಂಪು ಬಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿ ನನ್ನ ಕೈಗೆ ಕೊಟ್ಟ.

"ತಾರೀಕು ನೀವ ಬರೀರಿ. ಬರಿಯೋದು ನಿಮ್ಮ ಕೆಲಸ ಅಲ್ಲೇನ್ರಿ."

ಮುಚ್ಚಳ ಹಿಡಿದು, ದಿನ, ತಿಂಗಳು, ವರ್ಷ, ದುಂಡಗೆ ಬರೆದೆ. ಅವನು ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದ. ಆಮೇಲೆ ಎದ್ದು ಹೋಗಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ನಾನು ಬರೆದದ್ದನ್ನು ತಾಳೆ ನೋಡಿದ.