ಬೆಳ್ಳುಳ್ಳಿ ಡಬ್ಬಿಯೊಳಗಿನ ಕೈ

ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಹಳೇ ಬೆಳ್ಳುಳ್ಳಿ ಸಿಪ್ಪೆಯ ವಾಸನೆ. ಅವ್ವ ತೀರಿಕೊಂಡ ಮೇಲೆ ಅವಳ ಅಡುಗೆಮನೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ಹಂಚು, ಹಿಟ್ಟು ನಾದುವ ಒಂದು ಪರಾತ, ಮತ್ತೆ ಎಲ್ಲರೂ ಬೇಡವೆಂದ ಈ ವನಸ್ಪತಿ ತುಪ್ಪದ ಹಳೇ ಡಬ್ಬಿ. ಹೊರಗೆಲ್ಲ ಕರೀ ಬಣ್ಣ, ಮೇಲರ್ಧದಲ್ಲಿ ಸುತ್ತಲೂ ಉದ್ದುದ್ದ ಸೀಳುಗಳು. "ಗಾಳಿ ಆಡತೈತಿ, ಬಳ್ಳೊಳ್ಳಿ ಕೊಳಿಯಂಗಿಲ್ಲ" ಎನ್ನುತ್ತಿದ್ದಳು ಅವ್ವ. ಮುದ್ದೇಬಿಹಾಳದ ನಮ್ಮ ಮನೆಗೆ ತಂದವಳು, ಒಳಗೆ ಜಿರಳೆ ಇದ್ದರೆ ಏನು ಗತಿ ಎಂದು ಹೆದರಿ ಎಷ್ಟೋ ದಿನ ಅದನ್ನು ಹಿತ್ತಲಲ್ಲೇ ಇಟ್ಟಿದ್ದೆ. ನಾನು ಹೆದರದಿರುವ ಸಂಗತಿಗಳು ಕಡಿಮೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದವಳು ನಾನು.

ಜಿರಳೆ ಇರಲಿಲ್ಲ. ಸಿಪ್ಪೆ ಝಾಡಿಸಿದಾಗ ಡಬ್ಬಿಯ ಒಳಮೈಗೆ ಸುತ್ತ ಅಂಟಿಸಿದ ಕಾಗದದ ಪಟ್ಟಿ ಕಂಡಿತು. ಅದರ ಮೇಲೆ ಒಂದರ ಪಕ್ಕ ಒಂದು ಕೈ, ಬರೀ ಕೈ... ಚಿತ್ರದ ಮಾಸ್ತರರು ನೆನಪಾದರು.

ಎಪ್ಪತ್ತರ ದಶಕದಲ್ಲಿ ನಾವು ಸಿಂದಗಿಯಲ್ಲಿದ್ದೆವು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯ ಮುಂದಿನ ಖೋಲಿಯನ್ನು ಹೈಸ್ಕೂಲಿನ ಚಿತ್ರದ ಮಾಸ್ತರರಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಊಟ ನಮ್ಮಲ್ಲೇ. ಮದುವೆಯಿಲ್ಲದ ಮನುಷ್ಯ, ಸೋಡಾ ಬಾಟಲಿಯ ತಳದಂಥ ಗಾಜಿನ ಚಾಳೀಸು. ಮೊದಲು ಮುಂಬಯಿಯಲ್ಲಿ, ಬರೆದ ಚಿತ್ರಗಳನ್ನು ಓಡಾಡಿಸುವ ಸಿನಿಮಾ ಮಾಡುವ ಕಡೆ ಕೆಲಸಕ್ಕಿದ್ದರಂತೆ.

"ದೊಡ್ಡ ಕಲಾವಿದ್ರು ಕೈ ಎತ್ತಿದ್ದೊಂದು ಚಿತ್ರ ಬರೀತಾರ, ಕೈ ಇಳಿಸಿದ್ದೊಂದು ಬರೀತಾರ. ನಡುವಿನವೆಲ್ಲಾ ನಮ್ಮಂಥವ್ರು ಬರೀಬೇಕು, ತಂಗಿ. ನಡುವಿನವನ ಹೆಸರು ಪಡದಿ ಮ್ಯಾಲೆ ಬರಂಗಿಲ್ಲ."

ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ವರ್ಷಗಟ್ಟಲೆ ಆ ನಡುವಿನ ಚಿತ್ರಗಳನ್ನು ಬರೆದು ಕಣ್ಣು ಹೋಗತೊಡಗಿದ್ದವು. ಪೂರ್ತಿ ಹೋಗುವುದರೊಳಗೆ ಮೊದಲಿನಿಂದ ಕಡೆಯವರೆಗೆ ತನ್ನದೇ ಎನ್ನುವ ಒಂದನ್ನು ಮಾಡಬೇಕು ಎಂಬುದಷ್ಟೇ ಅವರ ಆಸೆ.

ಒಂದು ಸಲ ನನ್ನನ್ನು ಜೋಳದ ಕಣಿಕೆಯ ಬೇಲಿಯ ಹಿಂದೆ ನಿಲ್ಲಿಸಿ, ಆಚೆ ಹೋಗುತ್ತಿದ್ದ ಚಕ್ಕಡಿಯ ಗಾಲಿ ನೋಡು ಎಂದರು. ಬೇಲಿಯ ಸಂದಿಗಳಲ್ಲಿ ಗಾಲಿಯ ಅರಗಳು ಬಾಗಿದಂತೆ ಕಂಡವು. ವಿಲಾಯತಿಯಲ್ಲೂ ಯಾರೋ ಪಂಡಿತರು ಹೀಗೇ ಬೇಲಿಯ ಸಂದಿಯಿಂದ ಗಾಲಿ ನೋಡಿ ಬೆರಗಾದರಂತೆ. ಆಮೇಲೆ ಸೀಳು ಕೊರೆದ ತಿರುಗುವ ಚಕ್ರಗಳು ಬಂದವು, ಒಳಗೆ ಚಿತ್ರ ಅಂಟಿಸಿದ ಡಬ್ಬಿಗಳು ಬಂದವು. ಸಿನಿಮಾ ಹುಟ್ಟಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ.

"ನಮ್ಮ ಕಣ್ಣು ಭಾಳ ಆಳಸಿ ಐತಿ. ಒಂದ ಚಿತ್ರ ಬಿಟ್ಟು ಮುಂದಿನದಕ್ಕ ಹೋಗಾಕ ತಡಾ ಮಾಡತೈತಿ. ಆ ತಡದಾಗ ನಮ್ಮ ಹೊಟ್ಟಿ ತುಂಬತಿತ್ತು ನೋಡ."

ತನ್ನದೆನ್ನುವ ಚಿತ್ರಕ್ಕೆ ಮೊದಲು ಓಡುವ ಕುದುರೆ ಬರೆಯಬೇಕೆಂದಿದ್ದರು. ಅಡುಗೆಮನೆಯ ಹೊಸ್ತಿಲಾಚೆ ಊಟಕ್ಕೆ ಕೂತು ಅವ್ವ ರೊಟ್ಟಿ ಬಡಿಯುವುದನ್ನು ನೋಡಿದ ಮೇಲೆ ಕುದುರೆ ಬಿಟ್ಟರು. ತವರೂರಾದ ಮಸೂತಿ ಹಳ್ಳಿಯಲ್ಲಿ ಕಲಿತ ಕೈ ಅವಳದು, ಬಲು ಚುರುಕು. ಚಿತ್ರದಲ್ಲಿ ಹಿಟ್ಟಿನ ಉಂಡೆ ಅಗಲವಾದಷ್ಟೂ ತೆಳ್ಳಗಾಗಬೇಕು, ಅಗಲವೂ ಆಗಿ ದಪ್ಪವೂ ಉಳಿದರೆ ನೋಡುವವನು ನಂಬುವುದಿಲ್ಲ ಎನ್ನುತ್ತಿದ್ದರು. ಕೈ ಬೀಳುವ ಮುಂಚೆ ತುಸು ಮೇಲೆದ್ದು ನಿಲ್ಲುತ್ತದೆ, ಅದನ್ನು ಬರೆಯದಿದ್ದರೆ ಬಡಿತಕ್ಕೆ ತೂಕವಿಲ್ಲ. ಕೈ ನಿಂತರೂ ಬಳೆ ನಿಲ್ಲುವುದಿಲ್ಲ, ಇನ್ನಷ್ಟು ಮುಂದೆ ಜಾರಿ ಆಮೇಲೆ ಹಿಂದಕ್ಕೆ ಬರುತ್ತವೆ.

"ಇನ್ನೊಂದ ಬಡೀರಿ ಅಕ್ಕಾರ, ಸಾವಕಾಶ."

"ಸಾವಕಾಶ ಬಡದ್ರ ರೊಟ್ಟಿ ಹರೀತೈತ್ರಿ ಮಾಸ್ತರ್ರ. ನಿಮ್ಮ ಕಣ್ಣಿಗಂತ ನನ್ನ ಕೈ ನಿಂದ್ರಂಗಿಲ್ಲ. ಮೊದ್ಲ ಗಂಗಾಳದಾಗಿಂದು ತಿನ್ರಿ, ಆರಿ ತೊಗಲಾಗೇತಿ."

ಮಜ್ಜಿಗೆ ಕೇಳಲು ಬಂದ ಎದುರುಮನೆಯ ಕಾಕು ಇದನ್ನು ನೋಡಿದಳು. ಮರುದಿನ ನಳದ ಹತ್ತಿರ, ಎಲ್ಲರೆದುರು ಕೇಳಿದಳು: "ಏನವ್ವಾ, ನಿಮ್ಮ ಮಾಸ್ತರ ರೊಟ್ಟಿ ನೋಡತಾನೋ, ರೊಟ್ಟಿ ಮಾಡಾಕಿನ್ನ ನೋಡತಾನೋ?"

"ನೋಡಿದ್ರ ನನ್ನ ಕೈ ಸವೀತಾವೇನ ಕಾಕೂ?" ಎಂದಳು ಅವ್ವ, ಕೊಡ ಎತ್ತುತ್ತ.

ಮಾತು ಅಪ್ಪನ ಕಿವಿ ಮುಟ್ಟಿತು. ಅಪ್ಪ ಕೆಟ್ಟವರಲ್ಲ, ಚಿಂತೆಗಾರರು. ಅವರ ಆಸ್ತಿಯಲ್ಲಿ ನನಗೆ ಪೂರ್ತಿ ಬಂದದ್ದು ಅದೊಂದೇ. ಕಟ್ಟೆಯ ಮೇಲೆ ಕೂತು, ಇಲ್ಲದ ಧೂಳನ್ನು ಒರೆಸುತ್ತ, "ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ... ಖೋಲಿ ಬ್ಯಾರೆ ಕಡೆ ನೋಡಕೊಂಡ್ರ..." ಎಂದರು.

ಮಾಸ್ತರರು ಸಿಟ್ಟಾಗಲಿಲ್ಲ. "ನಾಕ ದಿನ ತಡೀರಿ ಅಣ್ಣಾರ. ಮುಗಿಸಿ ಎಲ್ಲಾರಿಗೂ ತೋರಸ್ತೇನಿ. ನಾ ಏನ ನೋಡಾಕತ್ತಿದ್ದೆ ಅನ್ನೂದು ಅವ್ರಿಗೇ ತಿಳೀತೈತಿ."

ಭಾನುವಾರ ಮಧ್ಯಾಹ್ನ ಅಂಗಳದ ಬೀಸುಕಲ್ಲಿನ ಮೇಲೆ ತಾವೇ ಸೀಳು ಕೊರೆದು ಒಳಗೆ ಚಿತ್ರದ ಪಟ್ಟಿ ಅಂಟಿಸಿದ ಡಬ್ಬಿಯನ್ನು ನಡುವಿಗೆ ಸರಿಯಾಗಿ ಇಟ್ಟು, ಗೂಟ ಹಿಡಿದು ತಿರುಗಿಸತೊಡಗಿದರು. ಅಪ್ಪ ಬಗ್ಗಿ ನೋಡಿದರು, ನಾನೂ ನೋಡಿದೆ. ಸೀಳುಗಳಾಚೆ ಅವ್ವನ ಕೈ ಎದ್ದು, ನಿಂತು, ಬಿತ್ತು. ಉಂಡೆ ಹರಡಿತು, ಬಳೆ ಜಾರಿ ಹಿಂದೆ ಸರಿದವು. ರೊಟ್ಟಿ ಅಗಲವಾಗಿ, ಮತ್ತೆ ಉಂಡೆಯಾಗಿ, ಮತ್ತೆ ಅಗಲವಾಯಿತು. ಸದ್ದೇ ಇಲ್ಲದ ಡಬ್ಬಿಯಿಂದ ನನಗೆ ಪಟಪಟ ಸದ್ದು ಕೇಳಿಸಿತು. ಅಪ್ಪನ ಮುಖವೂ ಸಡಿಲಾಗಿತ್ತು. ಗೆದ್ದೆವು ಎಂದುಕೊಂಡೆ.

ಕೊನೆಗೆ, ಮಾಸ್ತರರೇ ಕರೆಸಿದ್ದ ಕಾಕು ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಅಯ್ಯ, ಇವು ಇಕಿ ಕೈನ ಅಲ್ಲೇನ! ಹೆಬ್ಬಟ್ಟಿನ ಮ್ಯಾಲಿನ ಸುಟ್ಟ ಕಲಿ ನೋಡ. ಸೊಟ್ಟ ಕಿರುಬೆರಳೂ ಬಿಟ್ಟಿಲ್ಲ!"

ಅಪ್ಪ ತಿರುಗಿ ಅವ್ವನ ಕೈ ನೋಡಿದರು. ಅವಳ ಕಿರುಬೆರಳು ಸೊಟ್ಟ ಇದೆಯೆಂಬುದು ಆವತ್ತಿನವರೆಗೂ ಅವರಿಗೆ ಗೊತ್ತಿರಲಿಲ್ಲವೆಂದು ನನ್ನ ಊಹೆ. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಸ್ತರರು ಅಷ್ಟು ಚೆನ್ನಾಗಿ ನೋಡಿರಬಾರದಿತ್ತು. ಯಾರದೋ ಕೈ ಅನ್ನುವ ಹಾಗೆ, ಕೆಟ್ಟದಾಗಿ ಬರೆದಿದ್ದರೆ ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು.

ಅದೇ ವಾರ ಅವರು ಆಲಮೇಲದಲ್ಲಿದ್ದ ಯಾರದೋ ಖೋಲಿಗೆ ಹೋದರು. ಅಪ್ಪನೇ ಅವರ ಟ್ರಂಕು ಹೊತ್ತು ಬಸ್ಸಿನವರೆಗೆ ಬಿಟ್ಟುಬಂದು, ರಾತ್ರಿ ಉಣ್ಣದೆ ಮಲಗಿದರು. ಮಾಸ್ತರರು ಅವ್ವನಿಗೆ ಹೇಳಿದ್ದು "ಬರ್ತೇನ್ರಿ ಅಕ್ಕಾರ" ಎಂದಷ್ಟೇ. ಡಬ್ಬಿ ಬೀಸುಕಲ್ಲಿನ ಹತ್ತಿರವೇ ಉಳಿದಿತ್ತು. ಅವ್ವ ಅದರೊಳಗೆ ಬೆಳ್ಳುಳ್ಳಿ ತುಂಬಿ ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಬೆಳ್ಳುಳ್ಳಿ ಡಬ್ಬಿಯಲ್ಲಿ ಏನಿದೆಯೆಂದು ಯಾರು ಕೇಳುತ್ತಾರೆ?

ಆಮೇಲೆ ಅವರ ಕಣ್ಣು ಪೂರ್ತಿ ಹೋದವೆಂದು ಯಾರೋ ಅಂದರು. ಮುಂಬಯಿಗೇ ವಾಪಸು ಹೋದರೆಂದು ಇನ್ಯಾರೋ... ನಾವು ಹುಡುಕಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಧೈರ್ಯ ಮಾಡಿ ಅವ್ವನನ್ನು ಕೇಳಿದೆ, ಮಾಸ್ತರರ ಮನಸ್ಸಿನಲ್ಲಿ ಏನಾದರೂ ಇತ್ತೇ ಎಂದು. ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾರಿಗೆ ಗೊತ್ತ. ನನ್ನ ಕೈಯಾಗಿನ ರೊಟ್ಟಿ ತಿಂದವ್ರು ಭಾಳ ಮಂದಿ. ಹೆಂಗ ಮಾಡತಾಳಂತ ನೋಡಿದಾಂವ ಅವನೊಬ್ಬನ."

ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲ ಚಿಲಕ ಮತ್ತೊಮ್ಮೆ ನೋಡಿಬಂದು, ಡಬ್ಬಿಯನ್ನು ಮಗನ ತಿರುಗುವ ಕುರ್ಚಿಯ ಮೇಲಿಟ್ಟೆ. ಈ ವಯಸ್ಸಿನಲ್ಲಿ ಕುರ್ಚಿಯ ಮುಂದೆ ಮಂಡಿಯೂರಿ ಡಬ್ಬಿ ತಿರುಗಿಸುವ ಹೆಂಗಸನ್ನು ಯಾರಾದರೂ ಕಂಡರೆ ಏನೆಂದುಕೊಂಡಾರು ಎಂಬ ಚಿಂತೆ ಬೇರೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಖಾನಾವಳಿಯಿಂದ ತರಿಸುತ್ತೇನೆ. ಅವ್ವ ಎಷ್ಟು ಹೇಳಿದರೂ ನಾಳೆ ಕಲಿತರಾಯಿತು ಎನ್ನುತ್ತಿದ್ದೆ. ಈಗಲಾದರೂ ನೋಡಿಕೊಳ್ಳೋಣ ಎನಿಸಿತು.

ಕುರ್ಚಿ ತಿರುಗಿತು. ಪಟ್ಟಿಯ ನಡುವಿನ ಚಿತ್ರಗಳನ್ನು ಹುಳ ತಿಂದುಬಿಟ್ಟಿತ್ತು. ಮೊದಲು ಕೈ ಮೇಲಿರುತ್ತದೆ. ಆಮೇಲೆ ರೊಟ್ಟಿಯ ಮೇಲಿರುತ್ತದೆ. ಅಲ್ಲಿಂದ ಇಲ್ಲಿಗೆ ಅದು ಹೇಗೆ ಬಂತೆಂಬುದು ಅವ್ವನಿಗೆ ಗೊತ್ತಿತ್ತು, ಮಾಸ್ತರರಿಗೆ ಗೊತ್ತಿತ್ತು...

ಕುರ್ಚಿ ತಾನಾಗಿ ನಿಲ್ಲುವ ತನಕ ನೋಡುತ್ತ ಕೂತಿದ್ದೆ.