ಸ್ಪ್ರೇ ಅಣ್ಣ ಬರೆದ ಅವ್ವ

೧೯೮೩ರಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲಿ, ನಾನು ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ದುಡಿಯುವ ಕೈ ಬೇಕಾಗಿತ್ತು, ನನ್ನ ಕೈಗೆ ಗೆರೆ ಎಳೆಯುವುದು ಬರುತ್ತಿತ್ತು. ಅಂದಿನಿಂದ ಬಣ್ಣದ ವಾಸನೆಯಲ್ಲೇ ಬದುಕಿದ್ದೇನೆ. ಈಗ ಅದು ನನ್ನ ಮೂಗಿಗೆ ತಿಳಿಯುವುದೂ ಇಲ್ಲ. ಆದರೆ ಮೊನ್ನೆ ಪಕ್ಕದ ಹೊಸ ಬಿಲ್ಡಿಂಗಿನಲ್ಲಿ ಬಾಗಿಲುಗಳಿಗೆ ಹೊಳಪಿನ ಲ್ಯಾಕರ್ ಹೊಡೆಯುತ್ತಿದ್ದರು. ಥಿನ್ನರ್ ಬೆರೆತ, ತಲೆಗೆ ಹತ್ತುವ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಕುಂಚ ಕೆಳಗಿಟ್ಟು ಎದ್ದು ಕಿಟಕಿ ಮುಚ್ಚಿದೆ. ಸ್ಪ್ರೇ ಅಣ್ಣ ನೆನಪಾದ.

ಆಗ ನನ್ನ ಸ್ಟುಡಿಯೋ ಬಸವೇಶ್ವರನಗರದಲ್ಲಿ ಒಂದು ಹಿಟ್ಟಿನ ಮಿಲ್ಲಿನ ಮೇಲಿತ್ತು. ಸ್ಟುಡಿಯೋ ಎಂದು ಬೋರ್ಡ್ ಹಾಕಿದ್ದೆ, ಇದ್ದದ್ದು ಒಂದೇ ಕೋಣೆ. ತೀರಿಕೊಂಡ ಹಿರಿಯರ ಚಿಕ್ಕ ಫೋಟೋ ತಂದುಕೊಟ್ಟರೆ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಎಣ್ಣೆಬಣ್ಣದಲ್ಲಿ ಬರೆದುಕೊಡುವುದು ನನ್ನ ಕೆಲಸ. ರೇಷನ್ ಕಾರ್ಡಿನ ಫೋಟೋದಲ್ಲಿ ಅರ್ಧ ಮುಖಕ್ಕೆ ಸೀಲು ಬಿದ್ದಿದ್ದರೂ ನಾನು ಪೂರ್ತಿ ಮುಖ ಬರೆದುಕೊಡುತ್ತಿದ್ದೆ. ಆ ಏರಿಯಾದಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಇರಲಿಲ್ಲ.

ಸ್ಪ್ರೇ ಅಣ್ಣ ಮೊದಲು ಬಂದದ್ದು ಗಿರಾಕಿಯಾಗಿ. ಕೊಪ್ಪಳದ ಕಡೆಯವನು, ಮನೆ ಲಗ್ಗೆರೆಯಲ್ಲಿ, ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್‌ಗಳಿಗೆ ಸ್ಪ್ರೇ ಪೇಂಟ್ ಹೊಡೆಯುವ ಕೆಲಸ. ಕಿವಿಯ ಹಿಂದೆ ಹಸಿರು ಬಣ್ಣ ಉಳಿದಿತ್ತು. ಅವ್ವನ ಚಿತ್ರ ಬೇಕು ಎಂದ. ಫೋಟೋ ಕೇಳಿದೆ.

"ಫೋಟೋ ಇಲ್ರಿ. ನಾ ಹೇಳ್ತೀನಿ, ನೀವು ಬರೀರಿ."

ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ತಂಗಿಯನ್ನು ಹೆತ್ತ ದಿನವೇ ಹೋದಳಂತೆ. ತಂಗಿಗೆ ಈಗ ಮದುವೆಯಾಗಿ ಮಗುವಿದೆ, ಅವ್ವ ಹೇಗಿದ್ದಳು ಎಂದು ಇವನನ್ನು ಕೇಳುತ್ತಲೇ ಇರುತ್ತಾಳೆ. ಊರಲ್ಲಿ ಮುಖ ನೆನಪಿದ್ದವರೆಲ್ಲ ಹೋಗಿದ್ದಾರೆ. ಉಳಿದವನು ತಾನೊಬ್ಬನೇ ಎಂದ.

ಕೇಳಿ ಬರೆಯುವುದು ಆಗುವುದಿಲ್ಲ, ನೋಡಿದವರೇ ಬರೆಯಬೇಕು ಎಂದು ಹೇಳಿದೆ. ಭಾನುವಾರ ಮಧ್ಯಾಹ್ನ ಬಂದರೆ ಕುಂಚ ಹಿಡಿಯುವುದು ನಾನು ಕಲಿಸುತ್ತೇನೆ ಎಂದೂ ಹೇಳಿದೆ. ಬರುತ್ತಾನೆಂದು ಅಂದುಕೊಂಡಿರಲಿಲ್ಲ. ಮುಂದಿನ ಭಾನುವಾರ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ.

ಭಾನುವಾರ ಮಧ್ಯಾಹ್ನವೇ ಯಾಕೆಂದರೆ ಆಗ ಕೆಳಗಿನ ಮಿಲ್ ಬಂದ್, ಹಸಿ ಬಣ್ಣದ ಮೇಲೆ ಹಿಟ್ಟು ಕೂರುತ್ತಿರಲಿಲ್ಲ. ಅದೇ ಹೊತ್ತಿಗೆ ಇನ್ನಿಬ್ಬರು ಬರುತ್ತಿದ್ದರು. ಒಬ್ಬ ವಿಜಯನಗರದಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಬೋರ್ಡ್ ಅಣ್ಣ. ಫ್ಲೆಕ್ಸ್ ಬಂದು ಅವನ ಕೆಲಸ ಕಮ್ಮಿಯಾಗುತ್ತಾ ಇತ್ತು. ಇನ್ನೊಬ್ಬರು ರಾಜಾಜಿನಗರದ ಒಂದು ಸ್ಕೂಲಿನ ಡ್ರಾಯಿಂಗ್ ಮೇಡಂ. ನಮ್ಮಲ್ಲಿ ಕಾಲೇಜಿನಲ್ಲಿ ಕಲೆ ಓದಿದವರು ಅವರೊಬ್ಬರೇ. ಓದಿದ್ದೇನೆಂಬುದನ್ನು ಅವರು ಎಂದೂ ತೋರಿಸಲಿಲ್ಲ, ಓದಿಲ್ಲವೆಂಬುದನ್ನು ನಾನೂ ಮರೆಮಾಚಲಿಲ್ಲ. ನಾಲ್ವರೂ ನಮ್ಮ ನಮ್ಮ ಚಿತ್ರ ಬರೆಯುತ್ತಾ, ಒಬ್ಬರದ್ದನ್ನೊಬ್ಬರು ಬಯ್ಯುತ್ತಾ, ಮಧ್ಯೆ ಟೀ ಕುಡಿಯುತ್ತಾ… ಅಂಥ ಮಧ್ಯಾಹ್ನಗಳು ಅವು.

ಸ್ಪ್ರೇ ಅಣ್ಣನ ಕೈ ಮೊದಮೊದಲು ಬರೀ ಗೋಡೆ ಬಳಿಯುವ ಕೈ. ಒಂದು ವರ್ಷ ಮಡಕೆ, ಬಾಳೆಹಣ್ಣು ಬರೆಸಿದೆ. ಆಮೇಲೆ ಕ್ಯಾನ್ವಾಸ್ ಕೊಟ್ಟೆ. ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂರುತ್ತಿದ್ದ, ನಂತರ ಒಂದಿಷ್ಟು ಹಚ್ಚುತ್ತಿದ್ದ, ಸಂಜೆ ಹೋಗುವಾಗ ಒರೆಸಿ ಹೋಗುತ್ತಿದ್ದ. ಬೇರೆಯವರ ಕೆಲಸ ತಿದ್ದುವುದು ನನ್ನ ಅಭ್ಯಾಸ. ಆದರೆ ಆ ಮುಖವನ್ನು ನಾನು ನೋಡಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಬೋರ್ಡ್ ಅಣ್ಣ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಗುರು, ಆ ಮೂಗನ್ನ ಇನ್ನೂ ಎಷ್ಟ್ ಸಲ ಒರೆಸ್ತೀಯ, ಪಾಪ ಶೀತ ಆಗುತ್ತೆ ಅವ್ರಿಗೆ" ಎನ್ನುತ್ತಿದ್ದ. ಸ್ಪ್ರೇ ಅಣ್ಣ ನಗುತ್ತಿದ್ದ, ಮತ್ತೆ ಒರೆಸುತ್ತಿದ್ದ.

ಒಂದು ಭಾನುವಾರ ಅವನು ಒರೆಸಲಿಲ್ಲ. ಕುಂಚ ಇಟ್ಟು ಹಿಂದೆ ಸರಿದು, "ಬಂದ್ಲು ನೋಡ್ರಿ" ಎಂದ. ನಾವು ಮೂವರೂ ಎದ್ದು ನೋಡಿದೆವು. ಅಗಲ ಹಣೆ, ಯಾರೋ ಕರೆದಾಗ ತಿರುಗಿದಂತಿರುವ ಕತ್ತು. ತಿದ್ದಲು ಏನೂ ಇರಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲದೆ ಕಲ್ಯಾಣ ಮಂಟಪಗಳು ಖಾಲಿ ಇರುತ್ತವೆ. ವಿಜಯನಗರದ ಒಂದು ಮಂಟಪದ ಊಟದ ಹಾಲ್ ಮಾತಾಡಿ, ನಾಲ್ವರ ಚಿತ್ರಗಳ ಪ್ರದರ್ಶನ ಎಂದು ಗೊತ್ತುಮಾಡಿದೆ. ಸ್ಪ್ರೇ ಅಣ್ಣ ತಂಗಿಗೆ ಫೋನ್ ಮಾಡಿ, ಅವ್ವನನ್ನು ನೋಡಲು ಬಾ ಎಂದ. ಶನಿವಾರ ರಾತ್ರಿ ಟ್ರೈನ್ ಹತ್ತಿ ಭಾನುವಾರ ಬೆಳಿಗ್ಗೆ ಬರುವುದೆಂದಾಯಿತು.

ಎಣ್ಣೆಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಅಲ್ಲಲ್ಲಿ ಹೊಳಪು ಹೋಗಿ ಮಂಕಾಗುವುದೂ ಉಂಟು. ಅವ್ವನ ಕೂದಲಿನ ಒಂದು ಭಾಗ ಹಾಗೆ ಮಂಕಾಗಿತ್ತು. ಅದು ಅವನಿಗೆ ಚುಚ್ಚುತ್ತಿತ್ತು. ಇನ್ನು ಆರು ತಿಂಗಳು ಅದರ ಮೇಲೆ ಏನೂ ಹಚ್ಚಬೇಡಿ ಎಂದು ಮೇಡಂ ಹೇಳಿದ್ದರು, ಅವನು ಹೂಂ ಎಂದಿದ್ದ. ಆದರೆ ಹಾಲ್‌ಗೆ ತಾನೇ ತರುತ್ತೇನೆಂದು ಶುಕ್ರವಾರ ಚಿತ್ರ ತೆಗೆದುಕೊಂಡು ಹೋದವನು, ಶನಿವಾರ ಅದನ್ನು ಫ್ಯಾಕ್ಟರಿಗೆ ಒಯ್ದು, ಮೆಷಿನ್‌ಗಳಿಗೆ ಕೊನೆಗೆ ಹೊಡೆಯುವ ಲ್ಯಾಕರನ್ನು ಅವ್ವನ ಮೇಲೂ ಒಂದು ಕೋಟ್ ಹೊಡೆದ.

ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಸುತ್ತಿದ ಬಟ್ಟೆ ಬಿಚ್ಚಿದ. ವಾಸನೆ ಮೊದಲು ಬಂತು. ಲ್ಯಾಕರಿನಲ್ಲಿದ್ದ ಥಿನ್ನರ್, ಕೆಳಗಿನ ಹಸಿ ಬಣ್ಣವನ್ನು ಎಬ್ಬಿಸಿ, ಕಾದ ಹಾಲಿನ ಕೆನೆ ಪಕ್ಕಕ್ಕೆ ಸರಿದಂತೆ ಮುಖವೆಲ್ಲ ಸುಕ್ಕುಗಟ್ಟಿ ಸರಿದಿತ್ತು. ಕಣ್ಣು ಯಾವುದು, ಬಾಯಿ ಯಾವುದು ಗೊತ್ತಾಗುತ್ತಿರಲಿಲ್ಲ.

"ಕೋಟ್ ಇಲ್ದ ಮಾಲು ಹೊರಗ ಬಿಡೂದಿಲ್ರಿ ನಾವು" ಎಂದ. ಅಳಲಿಲ್ಲ. ಕ್ಯಾನ್ವಾಸನ್ನು ಗೋಡೆಯ ಕಡೆ ತಿರುಗಿಸಿಟ್ಟ.

ತಂಗಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾವು ಮೂವರೂ ಆ ಮುಖವನ್ನು ತಿಂಗಳುಗಟ್ಟಲೆ ನೋಡಿದ್ದೇವೆ, ಒಬ್ಬೊಬ್ಬರೂ ಒಂದೊಂದು ಬರೆಯೋಣ, ಸರಿಯಾದದ್ದನ್ನು ಅಣ್ಣ ಹೇಳಲಿ ಎಂದರು ಮೇಡಂ. ನಮಗೂ ಅದೇ ಸರಿ ಅನ್ನಿಸಿತು. ಊಟದ ಟೇಬಲ್‌ಗಳಲ್ಲಿ ದೂರ ದೂರ ಕೂತು ಇದ್ದಿಲು ಕಡ್ಡಿಯಲ್ಲಿ ಬರೆದೆವು. ಆಮೇಲೆ ಸಾಲಾಗಿ ಇಟ್ಟೆವು. ಮೂವರು ಹೆಂಗಸರು. ಹಣೆ ಒಂದೇ, ಕತ್ತಿನ ತಿರುವು ಒಂದೇ. ಉಳಿದಂತೆ ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವಿಲ್ಲ.

ಅವನು ಒಂದೊಂದನ್ನೂ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಆಮೇಲೆ ತಾನೇ ಒಂದು ಹಾಳೆ ಎಳೆದುಕೊಂಡು ಕಣ್ಣು ಮುಚ್ಚಿದ. ಹಣೆಯ ಗೆರೆ ಎಳೆದ. ಕೈ ಅಲ್ಲೇ ನಿಂತಿತು.

"ನಿಮ್ಮ ಮೂರೂ ಅಡ್ಡ ಬರಾಕತ್ತಾವ್ರಿ" ಎಂದ.

ಆಗಲೇ ತಂಗಿ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ರೊಟ್ಟಿಯ ಗಂಟು. ಯಾರೂ ಏನೂ ಹೇಳುವ ಮೊದಲೇ ಟೇಬಲ್ ಮೇಲಿನ ಹಾಳೆಗಳನ್ನು ನೋಡುತ್ತಾ ಬಂದು, ಬೋರ್ಡ್ ಅಣ್ಣ ಬರೆದದ್ದರ ಮುಂದೆ ನಿಂತಳು. ಗಟ್ಟಿ ಗೆರೆ, ಅಕ್ಷರದಂತೆ ಬರೆದ ಹುಬ್ಬು.

"ಅಣ್ಣಾ, ಈಕಿ ಏನು ಅವ್ವ?"

ಅವನು ತಂಗಿಯನ್ನು ನೋಡಿದ, ಚಿತ್ರವನ್ನು ನೋಡಲಿಲ್ಲ. "ಹೌದು. ಈಕಿನ" ಎಂದ.

ಅವಳು ತಲೆಯ ಮೇಲೆ ಸೆರಗು ಹೊದ್ದು, ಮಗುವಿನ ಕೈ ಹಿಡಿದು ಹಾಳೆಗೆ ಮುಟ್ಟಿಸಿದಳು. ಬೋರ್ಡ್ ಅಣ್ಣ ಎದ್ದು ಮೆಟ್ಟಿಲ ಕಡೆ ಹೋದ. ಸಂಜೆಯ ತನಕ ಒಳಗೆ ಬರಲಿಲ್ಲ. ಆ ಹಾಳೆಗೆ ನಾನೇ ಫ್ರೇಮ್ ಹಾಕಿಸಿಕೊಟ್ಟೆ. ಅದು ಅವಳ ಜೊತೆ ಕೊಪ್ಪಳಕ್ಕೆ ಹೋಯಿತು.

ಆಮೇಲೆ ಸ್ಪ್ರೇ ಅಣ್ಣ ಭಾನುವಾರಗಳಲ್ಲಿ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಲಗ್ಗೆರೆಗೆ ಹೋದೆ. ಟೀ ಕೊಟ್ಟ. ಹೊಸ ಕ್ಯಾನ್ವಾಸ್ ಇಟ್ಟಿದ್ದೀನಿ ಬನ್ನಿ, ಒಂದು ಸಲ ಬಂದವಳು ಇನ್ನೊಂದು ಸಲ ಬರುವುದಿಲ್ಲವೇ ಎಂದೆ. ಲೋಟದೊಳಗೆ ನೋಡುತ್ತಾ ಹೇಳಿದ.

"ಈಗ ಕಣ್ಣು ಮುಚ್ಚಿದ್ರ ಬೋರ್ಡ್ ಅಣ್ಣಾರು ಬರದಾಕಿನ ಬರ್ತಾಳ್ರಿ. ನನ್ನಾಕಿ ಬರಂಗಿಲ್ಲ. ತಂಗಿ ಫೋನ್ ಮಾಡಿದಾಗೆಲ್ಲ ಅವ್ವನ್ನ ನೋಡಿದ್ರ ಸಮಾಧಾನ ಆಗ್ತೈತಿ ಅಂತಾಳ. ಹೂಂ ಅಂತೀನಿ."

ಟೀ ಮುಗಿಸಿ ಬಸ್ ಹತ್ತಿದೆ. ಬಸ್ಸಿನಲ್ಲಿ ಆ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಬಂದದ್ದು ನಾನು ಬರೆದದ್ದು.

ಕೆಲವು ವರ್ಷಗಳ ನಂತರ ಸ್ಪ್ರೇ ಅಣ್ಣ ತೀರಿಕೊಂಡ ಸುದ್ದಿ ಬೋರ್ಡ್ ಅಣ್ಣನಿಂದ ಬಂತು, ಕೆಮ್ಮಿನಿಂದ ಎಂದು. ಬೋರ್ಡ್ ಅಣ್ಣ ಆಮೇಲೆ ಮಗಳ ಊರಿಗೆ ಹೋಗಿಬಿಟ್ಟ. ಮೇಡಂ ರಿಟೈರ್ ಆದರು, ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಭಾನುವಾರವೂ ನಾನು ಸ್ಟುಡಿಯೋ ತೆಗೆಯುತ್ತೇನೆ. ಏನೂ ಅನ್ನಿಸುವುದಿಲ್ಲ, ಕೆಲಸ ಮಾಡುತ್ತೇನೆ…

ಈಗ ನನ್ನ ಹತ್ತಿರ ಇರುವುದು ಇಷ್ಟು. ಸ್ವಂತದ್ದೊಂದು ಸ್ಟುಡಿಯೋ. ಸುಂಕದಕಟ್ಟೆಯಲ್ಲಿ ಒಂದು ಮನೆ. ಡಿಗ್ರಿ ಮಾಡಿದ ಇಬ್ಬರು ಮಕ್ಕಳು. ಭಾನುವಾರಗಳ ನಾಲ್ಕು ಸ್ಟೂಲು. ಸ್ಪ್ರೇ ಅಣ್ಣ ಅವತ್ತು ಗೋಡೆಯ ಕಡೆ ತಿರುಗಿಸಿ ಬಿಟ್ಟುಹೋದ ಒಂದು ಕ್ಯಾನ್ವಾಸು.