ಅತ್ತೆ ಇಡದೆ ಹೋದ ಬರೆ

ನಮ್ಮತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಹುಣಸೆಬೀಜದಂತೆ ನುಣ್ಣಗಿದ್ದವು. ಒಲೆಯಿಂದ ಉರುಳಿದ ಕೆಂಡವನ್ನು ಬರಿಗೈಯಲ್ಲೇ ಎತ್ತಿ ಒಳಗೆ ಹಾಕುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ನಾನು ಹೌಹಾರಿದರೆ, "ಹಾಲು ಉಕ್ಕೋದು ನಿನ್ ಕಣ್ಣಿಗೆ ಕಾಣಾಕಿಲ್ಲ, ನನ್ ಬೆಳ್ಳು ಸುಡೋದು ಮಾತ್ರ ಕಾಣ್ತೈತೆ ಕಣೇ," ಎಂದು ನಗುತ್ತಿದ್ದರು.

ಬೆರಳುಗಳು ಹಾಗಾಗಿದ್ದು ಅರಿಶಿನದ ಕೊಂಬಿನಿಂದ. ಬುಕ್ಕಾಂಬುಧಿ ಕೆರೆಯ ಆಚೀಚಿನ ಹಳ್ಳಿಗಳಲ್ಲಿ ಎಳೆಮಗುವಿಗೆ ಫಿಟ್ಸ್ ಬಂದರೆ ತಾಯಂದಿರು ನಮ್ಮ ಜಗಲಿಗೇ ಬರುತ್ತಿದ್ದರು. ಅತ್ತೆ ಕೊಂಬನ್ನು ದೀಪದಲ್ಲಿ ಕಾಯಿಸಿ ಮಗುವಿನ ಹೊಕ್ಕುಳ ಪಕ್ಕ ಚುರ್ರೆಂದು ಬರೆ ಇಡುತ್ತಿದ್ದರು. ಮಗು ಕಿಟಾರನೆ ಕಿರುಚುತ್ತಿತ್ತು. "ಅತ್ತಿತಾ? ಬಾಲಗ್ರಹ ಬಿಡ್ತು. ಎತ್ಕಂಡೋಗಿ ಹಾಲು ಕುಡ್ಸು," ಎನ್ನುತ್ತಿದ್ದರು. ಆಮೇಲೆ ಮಗು ಅತ್ತದ್ದಕ್ಕಿಂತ ಹೆಚ್ಚು ಹೊತ್ತು ತಾವೇ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡಲಾಗದು, ಕೊಟ್ಟಿಗೆ ಸೇರಿಬಿಡುತ್ತಿದ್ದೆ.

ತವರಿನಲ್ಲಿ ತಾಯಿ ಇಲ್ಲದ ನನಗೆ ಎಪ್ಪತ್ತರ ದಶಕದ ನಡುವೆ ಮೊದಲ ಹೆರಿಗೆ ಆದದ್ದು ಅತ್ತೆಯ ಮನೆಯಲ್ಲೇ. ಮಗು ಬಹಳ ತಡವಾಗಿ, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಬಂತು. ಅಳಲಿಲ್ಲ. ಅತ್ತೆ ಅದರ ಕಿವಿಯ ಬಳಿ ಕಂಚಿನ ತಟ್ಟೆ ಬಡಿದರು. "ಅಳೋ ನನ್ನಪ್ಪಾ, ಒಂದ್ಕಿತ ಅಳೋ," ಎಂದು ಬಡಿಯುತ್ತಲೇ ಇದ್ದರು. ಕೊನೆಗೆ ಬೆಕ್ಕಿನ ಮರಿಯಂಥ ಒಂದು ಕೀರಲು ದನಿ ಬಂತು, ಅಷ್ಟೇ.

ಮಾರನೆಯ ಬೆಳಿಗ್ಗೆ ಮಗುವಿನ ಕಣ್ಣು ಒಂದೇ ಕಡೆ ತಿರುಗಿ ನಿಂತಿತು. ಬಾಯಿ ಸುಮ್ಮಸುಮ್ಮನೆ ಚಪ್ಪರಿಸುತ್ತಿತ್ತು, ಎಡಗೈ ಎಡಗಾಲು ಬಿಟ್ಟುಬಿಟ್ಟು ಅದುರುತ್ತಿದ್ದವು. ಅತ್ತೆ ದೀಪ ಹಚ್ಚಿದರು. ಹಸಿ ಬಾಣಂತಿ ನಾನು, ಕೊಟ್ಟಿಗೆಗೆ ಓಡುವಂತಿರಲಿಲ್ಲ. "ಬೇಡ ಅತ್ತೆ" ಎನ್ನಲು ಬಾಯಿ ಬರಲಿಲ್ಲ. ಊರ ಮಕ್ಕಳೆಲ್ಲ ಆ ಕೈಯಿಂದಲೇ ಬದುಕಿದರೆಂದು ನಾನೂ ಅರ್ಧ ನಂಬಿದ್ದೆ. ಕೊಂಬಿನ ತುದಿ ಕೆಂಪಾಯಿತು. ಹೊಟ್ಟೆಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಕೊಂಬು ಆರುವವರೆಗೂ ಹಾಗೇ ಹಿಡಿದಿದ್ದರು.

"ಇದು ಹುಟ್ದಾಗ್ಲೇ ಅಳ್ಲಿಲ್ಲ ಕಣೇ," ಅಂದರು. "ಬರೆ ಇಟ್ರೂ ಅಳ್ದೇ ಹೋದ್ರೆ? ಆಮ್ಯಾಲೆ ನನ್ತಾವ ಇನ್ನೇನೈತೆ?"

ಅಂಥ ಭಯವನ್ನು ಆ ಮುಖದಲ್ಲಿ ನಾನು ಕಂಡಿದ್ದು ಅದೇ ಮೊದಲು. ಕೊಂಬನ್ನು ನೀರಿನ ಚೆಂಬಿಗೆ ಹಾಕಿ ನನ್ನ ಗಂಡನನ್ನು ಕೂಗಿದರು. "ಲೇ, ಓಡೋಗಿ ಬಸ್ ನಿಲ್ಸೋ. ತರೀಕೆರೆಗೆ ಹೋಗಾಣ."

ಗಂಡ ನನ್ನನ್ನೂ ಎತ್ತಿ ಬಸ್ಸು ಹತ್ತಿಸಿದರು. ದಾರಿಯಲ್ಲಿ ಅತ್ತೆ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೂಗಿನ ಬಳಿ ಆಮ್ಲಜನಕದ ಕೊಳವೆ ಇಟ್ಟರು. ಅದುರುವುದು ನಿಂತ ಮೇಲೆ ಅತ್ತೆ, "ಯಾವ ಗ್ರಹ ಸ್ವಾಮಿ?" ಎಂದು ಕೇಳಿದರು.

ಡಾಕ್ಟರು ಬೈಯಲಿಲ್ಲ. "ಗ್ರಹ ಅಲ್ಲಮ್ಮ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಆಮ್ಲಜನಕ ಸಾಲದೆ ಹೋಗಿದೆ. ಎಳೇ ಮಿದುಳಿನಲ್ಲಿ ಕೆರಳೋ ಶಕ್ತಿ ಮೊದಲೇ ಬಂದಿರುತ್ತೆ, ತಡೆಯೋ ಶಕ್ತಿ ಇನ್ನೂ ಬಲಿತಿರಲ್ಲ. ಉಸಿರು ಕಟ್ಟಿದಾಗ ಅದು ಕೆರಳಿಬಿಡುತ್ತೆ, ಕೈಕಾಲು ಅದುರುತ್ತೆ."

ಅತ್ತೆ ಮಗುವಿನ ಎಡಗೈ ಸವರಿದರು. "ಅಂದ್ರೆ ಮೂಗುದಾರ ಹಾಕ್ದಿರೋ ಹೋರಿ ಬೆದರ್ದಂಗೆ."

ಡಾಕ್ಟರು ನಕ್ಕು ಹೌದೆಂದರು.

"ಹಂಗಾರೆ ನಾನಿಡೋ ಬರೆ ಅಲ್ಲೀಗಂಟ ಹೋಗಾಕಿಲ್ವಾ?"

"ಹೋಗಲ್ಲಮ್ಮ."

ಅತ್ತೆ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅವರು ಬರೆ ಇಟ್ಟ ಮಕ್ಕಳಲ್ಲಿ ಉಳಿದವರೂ ಇದ್ದರು, ಹೋದವರೂ ಇದ್ದರು. ವಾರ ಕಳೆದು ಮಗುವಿನೊಡನೆ ಊರಿಗೆ ಮರಳುವಾಗ ಅಜ್ಜಂಪುರ ದಾಟುವವರೆಗೂ, ಹೋದ ಮಕ್ಕಳ ತಾಯಂದಿರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ನಾನು ಅವರ ಕೈ ಹಿಡಿದು ಕೂತಿದ್ದೆ.

ಕೆಲವು ತಿಂಗಳ ಮೇಲೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಓಡಿಬಂದಳು. ಅತ್ತೆ ದೀಪ ಹಚ್ಚದಿದ್ದುದನ್ನು ಕಂಡು ಸಿಟ್ಟಾದಳು. "ನಿಮ್ ಮೊಮ್ಮಗಂಗೆ ಡಾಕ್ಟ್ರು, ನಮ್ ಮಗೀಗೆ ಒಂದು ಬರೇನೂ ಇಲ್ವಾ?"

"ನನ್ ಮೊಮ್ಮಗಂಗೆ ಇಡಾಕೆ ಕೈ ಬರ್ಲಿಲ್ಲ. ನಿನ್ ಮಗೀಗೆ ಹೆಂಗವ್ವಾ ಇಡ್ಲಿ? ನಡಿ, ನಾನೂ ಬತ್ತೀನಿ," ಎಂದು ಆಕೆಯೊಡನೆ ಬಸ್ಸು ಹತ್ತಿದರು. ಆಮೇಲೆ ಅದೇ ಅವರ ಕೆಲಸವಾಯಿತು. ದಾರಿಯುದ್ದಕ್ಕೂ ಮೂಗುದಾರದ ಕಥೆ. ಕಂಡಕ್ಟರ್ ಅಂತೂ, "ಹೋರಿ ಅಜ್ಜಿ ಬಂದ್ರು, ಜಾಗ ಬಿಡ್ರಪ್ಪಾ," ಎಂದು ಕೂಗುತ್ತಿದ್ದ.

ನನ್ನ ಮಗ ಉಳಿದ. ಎಡಗೈ ಸ್ವಲ್ಪ ಸೊರಗಿತು, ಮಾತು ತಡವಾಗಿ ಬಂತು. ಡಾಕ್ಟರು ಬರೆದುಕೊಟ್ಟ ಫಿಟ್ಸಿನ ಮಾತ್ರೆಯನ್ನು ಅರೆದು ನೆಕ್ಕಿಸುವ ಕೆಲಸವನ್ನು ಅತ್ತೆ ನನಗೂ ಬಿಡಲಿಲ್ಲ. ಅವನು ಸದ್ದು ಮಾಡಿ ಅಳುವ ಹುಡುಗನಲ್ಲ. ಬಿದ್ದು ಮಂಡಿ ತರಚಿದರೂ ತುಟಿ ಕಚ್ಚಿಕೊಂಡು ಅಜ್ಜಿಯ ತೊಡೆ ಹುಡುಕುತ್ತಿದ್ದ.

ಎಂಬತ್ತರ ದಶಕದ ಕೊನೆಯಲ್ಲಿ ಅತ್ತೆ ಹೋದರು. ಚಟ್ಟಕ್ಕೆ ಹೆಗಲು ಕೊಡಲು ಬರಿಮೈಯಲ್ಲಿ ಅಂಗಳಕ್ಕೆ ಬಂದ ಊರ ಹುಡುಗರಲ್ಲಿ ಎಷ್ಟೋ ಜನರ ಹೊಕ್ಕುಳ ಪಕ್ಕ ಅವರಿಟ್ಟ ಬರೆಯ ಕಲೆಯಿತ್ತು. ಅವರ ನಡುವೆ ನಿಂತ ನನ್ನ ಮಗನ ಹೊಟ್ಟೆಯ ಮೇಲೆ ಏನೂ ಇರಲಿಲ್ಲ. ಚಟ್ಟ ಎತ್ತುವವರೆಗೂ ಸುಮ್ಮನಿದ್ದವನು, ಎತ್ತಿದ ಕೂಡಲೇ "ಅಜ್ಜೀ" ಎಂದು ಬೀದಿಯ ಕೊನೆಗೂ ಕೇಳುವಂತೆ ಗಂಟಲು ಬಿಟ್ಟು ಅತ್ತ. ಯಾರೋ ಸಮಾಧಾನ ಮಾಡಲು ಹೋದರು.

"ಬಿಡಿ, ಅಳಲಿ," ಅಂದೆ. ತಟ್ಟೆ ಬಡಿದು ಬಡಿದು ಅವರು ಬೇಡಿಕೊಂಡಿದ್ದ ಅಳು ಅದು.